ಟ್ರಂಕಿನ ಕ್ಯಾಸೆಟ್‌ಗಳನ್ನು ಹಾರ್ಡ್ ಡಿಸ್ಕಿಗೆ ಸೇರಿಸುವ ಬಗೆ

ಮಾಟುಂಗದಿಂದ ಡೊಂಬಿವಲಿಯವರೆಗೆ ಮುಂಬಯಿಯ ಎಷ್ಟೋ ಕನ್ನಡ ಮನೆಗಳ ಮಂಚದಡಿಯಲ್ಲಿ ತಾಳಮದ್ದಳೆಯ, ನಾಟಕದ, ಅಜ್ಜಿಯ ಹಾಡುಗಳ ಕ್ಯಾಸೆಟ್‌ಗಳು ಇನ್ನೂ ಉಳಿದಿವೆ. ಅವುಗಳನ್ನು ಕಂಪ್ಯೂಟರಿಗೆ ಇಳಿಸಲು ಹಿಂದೆ ಜಾಗವೇ ಸಾಲುತ್ತಿರಲಿಲ್ಲ. 1956ರಲ್ಲಿ ಐಬಿಎಂ ಹೊರತಂದ ಮೊದಲ ಹಾರ್ಡ್ ಡಿಸ್ಕಿನಲ್ಲಿ 24 ಇಂಚು ಅಗಲದ 50 ತಟ್ಟೆಗಳಿದ್ದರೂ ಅದರಲ್ಲಿ ಹಿಡಿಯುತ್ತಿದ್ದುದು ಸುಮಾರು 50 ಲಕ್ಷ ಅಕ್ಷರಗಳು ಮಾತ್ರ. 2007ರಲ್ಲಿ ಹಿಟಾಚಿಯ ಒಂದು ಟೆರಾಬೈಟ್, ಅಂದರೆ ಹತ್ತು ಲಕ್ಷ ಮೆಗಾಬೈಟ್ ಹಿಡಿಯುವ ಡಿಸ್ಕ್ ಬಂದಿತು. ಈಗ ಅಂಗೈಯಗಲದ ಪೆಟ್ಟಿಗೆಯಲ್ಲೇ ನಾಲ್ಕೈದು ಟೆರಾಬೈಟ್ ಸಿಗುತ್ತದೆ.

ಮೊದಲು ಲೆಕ್ಕ ಹಾಕಿಕೊಳ್ಳಿ. 90 ನಿಮಿಷದ ಕ್ಯಾಸೆಟ್ಟನ್ನು ಸಿ.ಡಿ. ಗುಣಮಟ್ಟದ ವೇವ್ ಫೈಲಾಗಿ ಇಳಿಸಿದರೆ ಸುಮಾರು 950 ಮೆಗಾಬೈಟ್ ಆಗುತ್ತದೆ. ಅಂದರೆ ಒಂದು ಟೆರಾಬೈಟಿನಲ್ಲಿ ಸಾವಿರದಷ್ಟು ಕ್ಯಾಸೆಟ್‌ಗಳು ಹಿಡಿಯುತ್ತವೆ. ಇಷ್ಟು ಜಾಗವಿರುವಾಗ ಫೈಲನ್ನು ಚಿಕ್ಕದಾಗಿಸುವ ಎಂಪಿ3 ಮಾಡಿ ಧ್ವನಿಯ ಗುಣಮಟ್ಟವನ್ನು ಕುಗ್ಗಿಸುವುದು ಬೇಡ.

ಟೇಪನ್ನು ನುಡಿಸುವ ಮುನ್ನ ಬೆಳಕಿಗೆ ಹಿಡಿದು ನೋಡಿ. ಅಂಚಿನಲ್ಲಿ ಬಿಳಿ ಬೂಷ್ಟು ಕಂಡರೆ ಅದನ್ನು ತೆಗೆಸುವವರೆಗೂ ನುಡಿಸಬೇಡಿ. ಚೆನ್ನಾಗಿರುವುದನ್ನು ಒಮ್ಮೆ ಪೂರ್ತಿ ಮುಂದಕ್ಕೆ, ಒಮ್ಮೆ ಹಿಂದಕ್ಕೆ ಸುತ್ತಿ, ಪ್ಲೇಯರಿನ ಹೆಡ್ಡನ್ನು ಒರೆಸಿ, ಬಳಿಕ ಆಡಾಸಿಟಿಯಂಥ ಉಚಿತ ತಂತ್ರಾಂಶದಲ್ಲಿ ರೆಕಾರ್ಡ್ ಮಾಡಿ.

ಡಿಸ್ಕನ್ನು ರಸೀದಿ ಕೊಡುವ ಅಂಗಡಿಯಲ್ಲೇ ಕೊಳ್ಳಬೇಕು. ಫುಟ್‌ಪಾತಿನಲ್ಲಿ ನಾನು ಕೊಂಡ ಪೆನ್ ಡ್ರೈವ್ 512 ಗಿಗಾಬೈಟ್ ಎಂದು ತೋರಿಸಿತು, ಫೈಲುಗಳನ್ನು ತೆಗೆದುಕೊಂಡಂತೆಯೂ ಮಾಡಿತು, ಆದರೆ ತೆರೆದು ನೋಡಿದಾಗ ಮೊದಲ ಕೆಲವನ್ನು ಬಿಟ್ಟು ಉಳಿದವೆಲ್ಲ ಖಾಲಿಯಾಗಿದ್ದವು. ಆದ್ದರಿಂದ ಹೊಸ ಡ್ರೈವನ್ನು ಒಮ್ಮೆ ಪೂರ್ತಿ ತುಂಬಿಸಿ, ಓದಿಸಿ ಪರೀಕ್ಷಿಸಿರಿ. ಒಂದು ಟೆರಾಬೈಟಿನ ಡಿಸ್ಕ್ ವಿಂಡೋಸ್‌ನಲ್ಲಿ 931 ಗಿಗಾಬೈಟ್ ಎಂದು ಕಾಣುವುದು ಮಾತ್ರ ಮೋಸವಲ್ಲ. ತಯಾರಕರು ಸಾವಿರದ ಲೆಕ್ಕದಲ್ಲಿ, ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುತ್ತದೆ.

ಇನ್ನು ಪ್ರತಿಗಳ ವಿಷಯ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ 944 ಮಿಲಿಮೀಟರ್ ಮಳೆ ಸುರಿದಾಗ, ಕುರ್ಲಾದಲ್ಲಿ ನೆಲಮಹಡಿಯಲ್ಲಿದ್ದ ಚಿಕ್ಕಪ್ಪನ ಮನೆಯಲ್ಲಿ ಕ್ಯಾಸೆಟ್‌ಗಳೂ ಅವುಗಳಿಂದ ಮಾಡಿಸಿದ್ದ ಸಿ.ಡಿ.ಗಳೂ ಒಂದೇ ಕಪಾಟಿನಲ್ಲಿದ್ದು ಒಟ್ಟಿಗೇ ಕೆಸರುಪಾಲಾದವು. ಹಾಗಾಗಿ ಮೂರು ಪ್ರತಿಗಳಿರಲಿ; ಒಂದನ್ನು ಊರಿಗೆ ಹೋಗುವಾಗ ಮತ್ಸ್ಯಗಂಧ ರೈಲಿನಲ್ಲೇ ಕೊಂಡೊಯ್ದು ಅಲ್ಲಿಯ ಮನೆಯಲ್ಲಿಡಿ. ಜಾಗ ಹೆಚ್ಚಿದಷ್ಟು ಡಿಸ್ಕಿನ ವೇಗ ಹೆಚ್ಚಿಲ್ಲ: ಸೆಕೆಂಡಿಗೆ 150 ಮೆಗಾಬೈಟ್ ಬರೆಯುವ ಡಿಸ್ಕಿಗೆ ನಾಲ್ಕು ಟೆರಾಬೈಟ್ ನಕಲಿಸಲು ಏಳು ತಾಸಿಗೂ ಹೆಚ್ಚು ಬೇಕು. ರಾತ್ರಿ ಹಚ್ಚಿಟ್ಟು, ಬೆಳಿಗ್ಗೆ ಮೂಲದ ಮತ್ತು ನಕಲಿನ ಚೆಕ್‌ಸಮ್ (ಫೈಲಿನಿಂದ ಲೆಕ್ಕ ಹಾಕಿ ತೆಗೆಯುವ, ನಕಲು ಸರಿಯಿದ್ದರೆ ಎರಡರಲ್ಲೂ ಒಂದೇ ಬರುವ ಸಂಖ್ಯೆ) ಹೋಲಿಸಿ ನೋಡಿ. ವರ್ಷಗಟ್ಟಲೆ ಮುಚ್ಚಿಡಲು ಪೆನ್ ಡ್ರೈವ್ ತಕ್ಕುದಲ್ಲ, ಏಕೆಂದರೆ ವಿದ್ಯುತ್ತಿಲ್ಲದೆ ಅದರೊಳಗೆ ಫೈಲುಗಳನ್ನು ಹಿಡಿದಿಟ್ಟಿರುವ ವಿದ್ಯುತ್ ಚಾರ್ಜ್ ಕ್ರಮೇಣ ಸೋರುತ್ತದೆ. ಹಾರ್ಡ್ ಡಿಸ್ಕನ್ನು ಮಳೆಗಾಲದಲ್ಲಿ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಡನೆ ಇಟ್ಟು, ವರ್ಷಕ್ಕೊಮ್ಮೆ ಹಚ್ಚಿ ನೋಡಬೇಕು.

ಫೈಲಿಗೆ ಹೆಸರಿಡುವುದನ್ನು ಮುಂದೂಡಬೇಡಿ. ಇಸವಿ, ಸ್ಥಳ, ಪ್ರಸಂಗ, ಅರ್ಥಧಾರಿಗಳ ಹೆಸರು ಇಷ್ಟಾದರೂ ಇರಲಿ, ಮತ್ತು ಇದನ್ನು ಹಿರಿಯರ ಪಕ್ಕದಲ್ಲಿ ಕುಳಿತೇ ಮಾಡಿ. ನಮ್ಮ ಒಂದು ಕ್ಯಾಸೆಟ್ಟಿನ ಮೇಲೆ ‘ಕರ್ಣಪರ್ವ, ಎ ಬದಿ’ ಎಂದಷ್ಟೇ ಇತ್ತು. ಅತ್ತೆ ಇಯರ್‌ಫೋನ್ ಹಾಕಿಕೊಂಡು ಕೇಳುತ್ತಿದ್ದವರು, ಶಲ್ಯನ ಮಾತಿಗೆ ಮುನ್ನ ಬಂದ ಒಂದು ಸಣ್ಣ ಕೆಮ್ಮಿಗೆ ಕೈ ಎತ್ತಿ, “ನಿಲ್ಲಿಸು, ಇದು ನಮ್ಮ ಅಪ್ಪಯ್ಯ,” ಎಂದರು.