ಒಂದೇ ಸರ್ವರ್‌ನಲ್ಲಿ ಹಲವು ವೆಬ್‌ಸೈಟ್: ಮುಂದೆ ಎಂಜಿನ್‌ಎಕ್ಸ್, ಹಿಂದೆ ಆ್ಯಪ್ ಸರ್ವರ್

ಒಂದು ಯಂತ್ರ, ಒಂದು ಪಬ್ಲಿಕ್ ಐಪಿ, ಅದರ ಮೇಲೆ ಮೂರೋ ನಾಲ್ಕೋ ವೆಬ್‌ಸೈಟ್. ಒಂದು ಪೈಥಾನ್‌ನ ಜಾಂಗೊದಲ್ಲಿ ಬರೆದದ್ದು, ಇನ್ನೊಂದು ಜಾವಾಸ್ಕ್ರಿಪ್ಟ್ ಓಡಿಸುವ ನೋಡ್‌ನಲ್ಲಿ, ಮತ್ತೊಂದು ಟಾಮ್‌ಕ್ಯಾಟ್ ಮೇಲೆ ಓಡುವ ಜಾವಾ ಆ್ಯಪ್. ಎಲ್ಲಕ್ಕೂ ಬೇಕಾದದ್ದು 80 ಮತ್ತು 443ನೇ ಪೋರ್ಟ್, ಅಂದರೆ ಎಚ್‌ಟಿಟಿಪಿಗೂ ಎಚ್‌ಟಿಟಿಪಿಎಸ್‌ಗೂ ಬ್ರೌಸರ್ ಬಡಿಯುವ ಬಾಗಿಲುಗಳು. ಒಂದು ಐಪಿಯಲ್ಲಿ ಆ ಪೋರ್ಟುಗಳನ್ನು ಹಿಡಿದು ಕೂರಲು ಸಾಧ್ಯವಿರುವುದು ಒಂದೇ ಪ್ರೋಗ್ರಾಮಿಗೆ. ಆ ಜಾಗದಲ್ಲಿ ಎಂಜಿನ್‌ಎಕ್ಸ್ (nginx) ಎಂಬ ವೆಬ್ ಸರ್ವರ್ ಕೂರುತ್ತದೆ. ಬ್ರೌಸರ್ ಪ್ರತಿ ರಿಕ್ವೆಸ್ಟಿನಲ್ಲೂ ತನಗೆ ಯಾವ ಸೈಟ್ ಬೇಕು ಎಂಬುದನ್ನು ಹೋಸ್ಟ್ ಹೆಡರ್ ಎಂಬ ಮಾಹಿತಿ ಸಾಲಿನಲ್ಲಿ ಹೇಳಿರುತ್ತದೆ. ಎಚ್‌ಟಿಟಿಪಿಎಸ್ ಆದರೆ ಸಂಪರ್ಕವನ್ನು ಗೂಢಲಿಪಿಗೆ ತರುವ ಟಿಎಲ್‌ಎಸ್ ಮಾತುಕತೆಯ ಮೊದಲ ಸಂದೇಶದಲ್ಲೇ ಎಸ್‌ಎನ್‌ಐ ಎಂಬ ಭಾಗದ ಮೂಲಕ ಹೆಸರು ಬಂದಿರುತ್ತದೆ. ಎಂಜಿನ್‌ಎಕ್ಸ್ ಆ ಹೆಸರು ನೋಡಿ ರಿಕ್ವೆಸ್ಟನ್ನು ಸರಿಯಾದ ಆ್ಯಪ್‌ಗೆ ದಾಟಿಸುತ್ತದೆ.

ಇಷ್ಟನ್ನು ಜೋಡಿಸುವುದು ಕಷ್ಟವಲ್ಲ. ಒಂದು ಸೈಟಿಗೆ ಬಂದ ತೊಂದರೆ ಪಕ್ಕದ ಸೈಟಿಗೆ ಹಬ್ಬದಂತೆ ಜೋಡಿಸುವುದಕ್ಕೆ ಮಾತ್ರ ಎಚ್ಚರ ಬೇಕು. ಕೆಳಗಿನ ಹೆಚ್ಚಿನ ಮಾತು ಅದರ ಬಗ್ಗೆಯೇ.

ಇಲ್ಲಿ ಕನ್ನಡ ಅಕ್ಷರದಲ್ಲಿ ಕೊಟ್ಟ ಆದೇಶಗಳನ್ನು ಫೈಲಿನಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಬೇಕು. ಅಂಡರ್‌ಸ್ಕೋರ್, ಅಡ್ಡಗೆರೆ, ಸೆಮಿಕೋಲನ್ ಇದ್ದಲ್ಲಿ ಇದ್ದ ಹಾಗೇ ಇರಲಿ.

ಹಿಂದಿನ ಆ್ಯಪ್‌ಗಳಿಂದ ಶುರು ಮಾಡಿ

ಕೀಬೋರ್ಡ್ ಮುಟ್ಟುವ ಮೊದಲು ಒಂದು ಪಟ್ಟಿ ಬರೆದುಕೊಳ್ಳಿ: ಸೈಟಿನ ಹೆಸರು, ಪೋರ್ಟ್, ಲಿನಕ್ಸ್ ಯೂಸರ್, ಫೋಲ್ಡರ್, ಸರ್ವಿಸ್ ಹೆಸರು. ಉದಾಹರಣೆಗೆ ಪತ್ರಿಕೆಗೆ 8001, ಮಳಿಗೆಗೆ 8002, ಲೆಕ್ಕಕ್ಕೆ 8003. ಆರು ತಿಂಗಳ ನಂತರ ಐದನೇ ಸೈಟ್ ಸೇರಿಸುವಾಗ ಯಾವ ಪೋರ್ಟ್ ಖಾಲಿ ಇದೆ ಎಂದು ಹುಡುಕಾಡುವುದು ಇದರಿಂದ ತಪ್ಪುತ್ತದೆ.

ಪ್ರತಿ ಆ್ಯಪ್ 127.0.0.1 ವಿಳಾಸದಲ್ಲಿ, ಅಂದರೆ ಯಂತ್ರದ ಒಳಗಿನಿಂದ ಬರುವವರಿಗೆ ಮಾತ್ರ ಕಿವಿಗೊಡಬೇಕು. ಯಂತ್ರದ ಎಲ್ಲ ವಿಳಾಸಗಳೂ ಎಂಬರ್ಥದ 0.0.0.0 ಬೇಡ. 0.0.0.0 ಕೊಟ್ಟರೆ ಹೊರಗಿನವರು ಎಂಜಿನ್‌ಎಕ್ಸ್ ಮೂಲಕ ಬರುವ ಬದಲು ನೇರ 8001ಕ್ಕೇ ಬರಬಹುದು. ಆಗ ಟಿಎಲ್‌ಎಸ್ ಇಲ್ಲ, ಗಾತ್ರದ ಮಿತಿ ಇಲ್ಲ, ಬಂದವರ ಐಪಿ ಮುಂತಾದುದನ್ನು ಆ್ಯಪ್‌ಗೆ ತಿಳಿಸುವ ಫಾರ್ವರ್ಡೆಡ್ ಹೆಡರ್‌ಗಳನ್ನು ಬಂದವರೇ ಬೇಕಾದ ಹಾಗೆ ಬರೆದು ಕಳಿಸಬಹುದು. ಎಸ್‌ಎಸ್ ಕಮಾಂಡನ್ನು ಎಲ್, ಟಿ, ಎನ್, ಪಿ ಆಯ್ಕೆಗಳ ಜೊತೆ ಓಡಿಸಿದರೆ ಯಾವ ಪ್ರೋಗ್ರಾಂ ಯಾವ ವಿಳಾಸದಲ್ಲಿ ಕೂತಿದೆ ಎಂದು ಕಾಣುತ್ತದೆ. ಫೈರ್‌ವಾಲ್ ಇದೆಯಲ್ಲ ಎಂದು ನಂಬಿ ಕೂರಬೇಡಿ. ಆ್ಯಪ್‌ಗಳನ್ನು ಕಂಟೇನರ್ ಎಂಬ ಪ್ರತ್ಯೇಕ ಡಬ್ಬಿಗಳಲ್ಲಿ ಓಡಿಸುವ ಡಾಕರ್, ಪೋರ್ಟ್ ತೆರೆಯುವಾಗ ತನ್ನದೇ ನಿಯಮಗಳನ್ನು ಹಾಕಿಕೊಳ್ಳುತ್ತದೆ, ಯುಎಫ್‌ಡಬ್ಲ್ಯೂ ಎಂಬ ಫೈರ್‌ವಾಲ್ ಹಾಕಿದ ತಡೆ ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಕಂಟೇನರ್ ಬಳಸುವವರು ಪೋರ್ಟನ್ನು 8001:8001 ಎಂದು ಬರೆಯದೆ 127.0.0.1:8001:8001 ಎಂದೇ ಬರೆಯಬೇಕು.

ಪ್ರತಿ ಸೈಟಿಗೂ ಬೇರೆ ಲಿನಕ್ಸ್ ಯೂಸರ್ ಮಾಡಿ, ಲಿನಕ್ಸ್‌ನಲ್ಲಿ ಪ್ರೋಗ್ರಾಂಗಳನ್ನು ಎಬ್ಬಿಸಿ ನೋಡಿಕೊಳ್ಳುವ ಸಿಸ್ಟಮ್‌ಡಿಗೆ ಬೇರೆ ಸರ್ವಿಸ್ ಬರೆಯಿರಿ. ಎಲ್ಲವನ್ನೂ ಒಂದೇ ಯೂಸರ್‌ನಲ್ಲಿ ಓಡಿಸಿದರೆ, ಒಂದು ಸೈಟಿನ ಕೋಡಿನಲ್ಲಿ ತೂತು ಸಿಕ್ಕವನಿಗೆ ಉಳಿದೆಲ್ಲ ಸೈಟುಗಳ ಡೇಟಾಬೇಸ್ ಪಾಸ್‌ವರ್ಡ್ ಓದಲು ಸಿಗುತ್ತದೆ. ಸರ್ವಿಸ್ ಫೈಲಿನಲ್ಲಿ ಯೂಸರ್, ವರ್ಕಿಂಗ್‌ಡೈರೆಕ್ಟರಿ, ಎನ್ವಿರಾನ್ಮೆಂಟ್‌ಫೈಲ್ ಸಾಲುಗಳ ಜೊತೆ ಎರಡು ಸಾಲು ಮರೆಯಬೇಡಿ. ಒಂದು, ರೀಸ್ಟಾರ್ಟ್ ಎಂಬುದಕ್ಕೆ ಆನ್-ಫೇಲ್ಯೂರ್. ಇನ್ನೊಂದು, ಮೆಮೊರಿಮ್ಯಾಕ್ಸ್. ಎರಡನೆಯದನ್ನು ಬಹಳಷ್ಟು ಜನ ಬಿಡುತ್ತಾರೆ. ಬಿಟ್ಟರೆ ಒಂದು ಆ್ಯಪ್ ಮೆಮೊರಿ ನುಂಗುತ್ತಾ ಹೋದಾಗ ಕರ್ನಲ್ ಯಾರನ್ನು ಕೊಲ್ಲುತ್ತದೆ ಎಂಬುದು ನಿಮ್ಮ ಕೈಯಲ್ಲಿರುವುದಿಲ್ಲ. ಬಲಿ ಬೀಳುವುದು ತಪ್ಪಿಲ್ಲದ ಡೇಟಾಬೇಸ್ ಆಗಿರಬಹುದು. ಪಾಸ್‌ವರ್ಡ್‌ಗಳಿರುವ ಎನ್ವಿರಾನ್ಮೆಂಟ್ ಫೈಲಿನ ಒಡೆಯ ರೂಟ್ ಆಗಿರಲಿ, ಅನುಮತಿ 600 (ಒಡೆಯ ಮಾತ್ರ ಓದಿ ಬರೆಯಬಹುದು) ಇರಲಿ. ಸಿಸ್ಟಮ್‌ಡಿ ಅದನ್ನು ರೂಟ್ ಆಗಿಯೇ ಓದುವುದರಿಂದ ಆ್ಯಪ್‌ಗೆ ತೊಂದರೆಯಾಗದು.

ರಿಕ್ವೆಸ್ಟುಗಳನ್ನು ನಿಭಾಯಿಸುವ ವರ್ಕರ್‌ಗಳ ಸಂಖ್ಯೆಯಲ್ಲೂ ಒಂದು ಬಲೆ ಇದೆ. ಪೈಥಾನ್ ಆ್ಯಪ್ ಓಡಿಸುವ ಗುನಿಕಾರ್ನ್‌ಗೆ ಹೇಳುವ ರೂಢಿಯ ಸೂತ್ರ ಕೋರ್‌ಗಳ ಎರಡರಷ್ಟಕ್ಕೆ ಒಂದು ಸೇರಿಸಿ ಎಂಬುದು. ಅದು ಯಂತ್ರದಲ್ಲಿ ಒಂದೇ ಆ್ಯಪ್ ಇದ್ದಾಗಿನ ಲೆಕ್ಕ. ಎರಡು ಕೋರ್ ಯಂತ್ರದಲ್ಲಿ ನಾಲ್ಕು ಸೈಟಿಗೂ ಅದನ್ನೇ ಹಾಕಿದರೆ 20 ವರ್ಕರ್ ಆಗುತ್ತವೆ. ಒಂದೊಂದೂ 150 ಎಂಬಿ ತಿಂದರೆ ಅಲ್ಲಿಗೇ 3 ಜಿಬಿ ಮುಗಿಯಿತು. ಜನಸಂದಣಿ ಕಡಿಮೆ ಇರುವ ಸೈಟಿಗೆ ಎರಡೇ ವರ್ಕರ್ ಸಾಕು. ಡೇಟಾಬೇಸ್ ಸಂಪರ್ಕಗಳನ್ನೂ ಹೀಗೇ ಕೂಡಿ ನೋಡಿ. ಪೋಸ್ಟ್‌ಗ್ರೆಸ್‌ನ ಡೀಫಾಲ್ಟ್ ಮಿತಿ 100, ಅದು ಎಲ್ಲ ಸೈಟಿಗೂ ಸೇರಿ.

ಟಾಮ್‌ಕ್ಯಾಟ್ ಬಳಸುವವರಿಗೆ ಆಯ್ಕೆ ಇದೆ. ಸರ್ವರ್.ಎಕ್ಸ್‌ಎಂಎಲ್ ಒಳಗೆ ಹಲವು ಹೋಸ್ಟ್ ಟ್ಯಾಗ್ ಬರೆದು ಒಂದೇ ಟಾಮ್‌ಕ್ಯಾಟ್‌ನಲ್ಲಿ ಎಲ್ಲವನ್ನೂ ಓಡಿಸಬಹುದು, ಅಥವಾ ಪ್ರತಿ ಸೈಟಿಗೂ ಬೇರೆ ಕ್ಯಾಟಲಿನಾ_ಬೇಸ್ ಕೊಟ್ಟು ಬೇರೆ ಜೆವಿಎಂ (ಜಾವಾ ಆ್ಯಪ್ ಓಡುವ ಪ್ರೋಗ್ರಾಂ) ಓಡಿಸಬಹುದು. ಮೆಮೊರಿ ಸಾಕಷ್ಟಿದ್ದರೆ ಎರಡನೆಯದೇ ಸರಿ. ಒಂದೇ ಜೆವಿಎಂ ಆದರೆ ಒಂದು ಆ್ಯಪ್‌ನ ಮೆಮೊರಿ ಸೋರಿಕೆ ಎಲ್ಲರನ್ನೂ ಮುಳುಗಿಸುತ್ತದೆ, ಒಂದು ಸೈಟಿಗಾಗಿ ರೀಸ್ಟಾರ್ಟ್ ಮಾಡಿದರೆ ಎಲ್ಲವೂ ನಿಲ್ಲುತ್ತವೆ. ಬೇರೆ ಬೇರೆ ಓಡಿಸುವಾಗ 8080 ಜೊತೆಗೆ 8005ರ ಶಟ್‌ಡೌನ್ ಪೋರ್ಟನ್ನೂ ಪ್ರತಿಯೊಂದಕ್ಕೂ ಬದಲಿಸಿ, ಇಲ್ಲವಾದರೆ ಎರಡನೆಯದು ಏಳುವುದೇ ಇಲ್ಲ. ಮುಂದಿನ ವೆಬ್ ಸರ್ವರ್ ಜೊತೆ ಮಾತಾಡಲು ಟಾಮ್‌ಕ್ಯಾಟ್‌ಗಿರುವ ಇನ್ನೊಂದು ದಾರಿಯಾದ ಎಜೆಪಿ ಕನೆಕ್ಟರ್ ಬೇಡವಾದರೆ ಮುಚ್ಚಿಡಿ. 2020ರಲ್ಲಿ ಬಯಲಾದ ಘೋಸ್ಟ್‌ಕ್ಯಾಟ್ ದೋಷ ಅದರ ಮೂಲಕವೇ ಒಳಬಂದದ್ದು.

ಎಂಜಿನ್‌ಎಕ್ಸ್ ಫೈಲ್

ಮೊದಲು ಡಿಎನ್‌ಎಸ್‌ನಲ್ಲಿ ಪ್ರತಿ ಹೆಸರಿಗೂ ಯಂತ್ರದ ಐಪಿ ತೋರಿಸುವ ಎ ರೆಕಾರ್ಡ್ ಹಾಕಿ. ಯಂತ್ರಕ್ಕೆ ಐಪಿವಿ6 ಇಲ್ಲದಿದ್ದರೆ ಆ ವಿಳಾಸಕ್ಕೆಂದಿರುವ ಎಎಎಎ ರೆಕಾರ್ಡ್ ಹಾಕಲೇಬೇಡಿ.

ಪ್ರತಿ ಸೈಟಿಗೂ ಒಂದು ಫೈಲ್. ಡೆಬಿಯನ್, ಉಬುಂಟುಗಳಲ್ಲಿ ಅದನ್ನು ಸೈಟ್ಸ್-ಅವೈಲಬಲ್ ಫೋಲ್ಡರಿನಲ್ಲಿ ಬರೆದು ಸೈಟ್ಸ್-ಎನೇಬಲ್ಡ್‌ಗೆ ಸಿಂಬಾಲಿಕ್ ಲಿಂಕ್ ಕೊಡುತ್ತಾರೆ. ರೆಡ್‌ಹ್ಯಾಟ್ ಕುಟುಂಬದಲ್ಲಿ ಕಾನ್ಫ್.ಡಿ ಒಳಗೆ ಇಡುತ್ತಾರೆ. ಫೈಲ್ ಹೀಗಿರುತ್ತದೆ:

ಸರ್ವರ್ {
    ಲಿಸನ್ 80;
    ಲಿಸನ್ [::]:80;
    ಸರ್ವರ್_ನೇಮ್ ಪತ್ರಿಕೆ.ಉದಾಹರಣೆ;
    ಆ್ಯಕ್ಸೆಸ್_ಲಾಗ್ /ವಾರ್/ಲಾಗ್/ಎಂಜಿನ್‌ಎಕ್ಸ್/ಪತ್ರಿಕೆ.ಲಾಗ್;
    ಕ್ಲೈಂಟ್_ಮ್ಯಾಕ್ಸ್_ಬಾಡಿ_ಸೈಜ್ 20ಎಂ;
    ಲೊಕೇಶನ್ / {
        ಪ್ರಾಕ್ಸಿ_ಪಾಸ್ ಎಚ್‌ಟಿಟಿಪಿ://127.0.0.1:8001;
        ಪ್ರಾಕ್ಸಿ_ಸೆಟ್_ಹೆಡರ್ ಹೋಸ್ಟ್ $ಹೋಸ್ಟ್;
        ಪ್ರಾಕ್ಸಿ_ಸೆಟ್_ಹೆಡರ್ ಎಕ್ಸ್-ಫಾರ್ವರ್ಡೆಡ್-ಫಾರ್ $ರಿಮೋಟ್_ಆಡ್ರ್;
        ಪ್ರಾಕ್ಸಿ_ಸೆಟ್_ಹೆಡರ್ ಎಕ್ಸ್-ಫಾರ್ವರ್ಡೆಡ್-ಪ್ರೋಟೊ $ಸ್ಕೀಮ್;
    }
}

ಹೋಸ್ಟ್ ಹೆಡರ್ ಸಾಲನ್ನು ಬಿಟ್ಟರೆ ಆ್ಯಪ್‌ಗೆ ಹೋಗುವ ಹೆಸರು 127.0.0.1:8001. ಜಾಂಗೊ ಅದನ್ನು ಅಲೌಡ್_ಹೋಸ್ಟ್ಸ್ ಪಟ್ಟಿಯಲ್ಲಿ ಕಾಣದೆ 400 ಕೊಡುತ್ತದೆ. ಬೇರೆ ಆ್ಯಪ್‌ಗಳು ಸುಮ್ಮನೆ ಒಪ್ಪಿಕೊಂಡು, ಪಾಸ್‌ವರ್ಡ್ ಬದಲಿಸುವ ಇಮೇಲಿನ ಕೊಂಡಿಯಲ್ಲಿ 127.0.0.1 ಎಂದು ಬರೆದು ಕಳಿಸುತ್ತವೆ. ಎಕ್ಸ್-ಫಾರ್ವರ್ಡೆಡ್-ಫಾರ್‌ಗೆ ಅನೇಕ ಮಾದರಿಗಳಲ್ಲಿ $ಪ್ರಾಕ್ಸಿ_ಆ್ಯಡ್_ಎಕ್ಸ್_ಫಾರ್ವರ್ಡೆಡ್_ಫಾರ್ ಇರುತ್ತದೆ. ಅದು ಬಂದವರು ಕಳಿಸಿದ ಹೆಡರ್‌ಗೆ ನಿಜವಾದ ವಿಳಾಸವನ್ನು ಬಾಲದಂತೆ ಅಂಟಿಸುತ್ತದೆ. ಆ್ಯಪ್ ಮೊದಲ ವಿಳಾಸವನ್ನೇ ನಂಬುವಂತಿದ್ದರೆ ಯಾರು ಬೇಕಾದರೂ ಸುಳ್ಳು ಐಪಿ ಹೇಳಬಹುದು. ನಿಮ್ಮ ಎಂಜಿನ್‌ಎಕ್ಸ್ ಮುಂದೆ ಬೇರೆ ಪ್ರಾಕ್ಸಿ ಇಲ್ಲದಿದ್ದರೆ ಮೇಲಿನ ಹಾಗೆ $ರಿಮೋಟ್_ಆಡ್ರ್ ಮಾತ್ರ ಕೊಡಿ.

ಪ್ರಾಕ್ಸಿ_ಸೆಟ್_ಹೆಡರ್‌ಗೆ ಇನ್ನೊಂದು ಗುಣವಿದೆ. ಮೇಲಿನ ಹಂತದಲ್ಲಿ ಬರೆದ ಹೆಡರ್‌ಗಳು ಕೆಳಗಿನ ಲೊಕೇಶನ್‌ಗೆ ಬರುವುದು ಆ ಲೊಕೇಶನ್‌ನಲ್ಲಿ ಅಂಥ ಸಾಲು ಒಂದೂ ಇಲ್ಲದಿದ್ದರೆ ಮಾತ್ರ. ವೆಬ್‌ಸಾಕೆಟ್‌ಗೆಂದು ಅಪ್‌ಗ್ರೇಡ್ ಹೆಡರ್ ಒಂದನ್ನು ಸೇರಿಸಿದಿರಿ ಎನ್ನಿ, ಹೋಸ್ಟ್, ಪ್ರೋಟೊ ಎಲ್ಲವೂ ಆ ಲೊಕೇಶನ್‌ನಲ್ಲಿ ಸದ್ದಿಲ್ಲದೆ ಮಾಯವಾಗುತ್ತವೆ. ಸಾಮಾನ್ಯ ಹೆಡರ್‌ಗಳನ್ನು ಬೇರೆ ಫೈಲಿನಲ್ಲಿಟ್ಟು ಪ್ರತಿ ಲೊಕೇಶನ್‌ನಲ್ಲೂ ಇನ್‌ಕ್ಲೂಡ್ ಮಾಡುವುದು ಒಳ್ಳೆಯ ಅಭ್ಯಾಸ.

ಪ್ರಾಕ್ಸಿ_ಪಾಸ್‌ನ ಕೊನೆಯ ಓರೆಗೆರೆಯ ಮೇಲೂ ಕಣ್ಣಿರಲಿ. ಲೊಕೇಶನ್ /ಎಪಿಐ/ ಇದ್ದು, ಪ್ರಾಕ್ಸಿ_ಪಾಸ್ 8001ಕ್ಕೇ ಮುಗಿದರೆ ಆ್ಯಪ್‌ಗೆ /ಎಪಿಐ/ಯೂಸರ್ ಎಂದೇ ಹೋಗುತ್ತದೆ. 8001ರ ಮುಂದೆ / ಹಾಕಿದರೆ /ಎಪಿಐ/ ಭಾಗ ಕತ್ತರಿಸಿ /ಯೂಸರ್ ಮಾತ್ರ ಹೋಗುತ್ತದೆ. ಅರ್ಥವಾಗದ 404 ಬಂದಾಗ ಮೊದಲು ನೋಡಬೇಕಾದ ಜಾಗ ಇದು. ಸ್ಟ್ಯಾಟಿಕ್ ಫೈಲುಗಳಿಗೆ ಆಲಿಯಾಸ್ ಬಳಸುವಾಗ ಲೊಕೇಶನ್ ಮತ್ತು ಆಲಿಯಾಸ್ ಎರಡರ ಕೊನೆಯಲ್ಲೂ / ಇರಲೇಬೇಕು. ಲೊಕೇಶನ್‌ನಲ್ಲಿ ಬಿಟ್ಟು ಆಲಿಯಾಸ್‌ನಲ್ಲಿ ಮಾತ್ರ ಹಾಕಿದರೆ ಎರಡು ಚುಕ್ಕೆಯ (..) ದಾರಿ ಹಿಡಿದು ಮೇಲಿನ ಫೋಲ್ಡರಿನ ಫೈಲುಗಳನ್ನೂ ಓದಿಬಿಡಬಹುದು.

ಡೊಮೇನ್ ಹೆಸರು ಕನ್ನಡ ಲಿಪಿಯಲ್ಲಿದ್ದರೆ ಸರ್ವರ್_ನೇಮ್‌ನಲ್ಲಿ ಅದನ್ನು ಇಂಗ್ಲಿಷ್ ಅಕ್ಷರಕ್ಕೆ ಇಳಿಸಿದ ಪ್ಯೂನಿಕೋಡ್ ರೂಪವನ್ನೇ ಬರೆಯಬೇಕು. ಬ್ರೌಸರ್ ಕಳಿಸುವುದು ಆ ರೂಪವನ್ನೇ. ಮೇಲಿನ ಉದಾಹರಣೆಯಲ್ಲಿ ಕನ್ನಡದಲ್ಲಿರುವುದು ಓದುವ ಅನುಕೂಲಕ್ಕೆ.

ಹೆಸರು ಹೊಂದದ ರಿಕ್ವೆಸ್ಟ್

ಯಾವ ಸರ್ವರ್_ನೇಮ್‌ಗೂ ಹೊಂದದ ರಿಕ್ವೆಸ್ಟನ್ನು ಎಂಜಿನ್‌ಎಕ್ಸ್ ತಿರಸ್ಕರಿಸುವುದಿಲ್ಲ. ಆ ಪೋರ್ಟಿನ ಡೀಫಾಲ್ಟ್ ಸರ್ವರ್ ಬ್ಲಾಕಿಗೆ ಕೊಡುತ್ತದೆ. ನೀವು ಹೇಳದಿದ್ದರೆ ಮೊದಲು ಓದಿದ ಬ್ಲಾಕೇ ಡೀಫಾಲ್ಟ್. ಒಂದು ಸೈಟಿನ ವಿಳಾಸದಲ್ಲಿ ಇನ್ನೊಂದು ಸೈಟ್ ಕಾಣುವುದರ ಮೂಲ ಬಹುತೇಕ ಇದೇ. ಆದ್ದರಿಂದ ಬೇರೆಯದೇ ಒಂದು ಬ್ಲಾಕ್ ಬರೆದು, ಲಿಸನ್ 80 ಡೀಫಾಲ್ಟ್_ಸರ್ವರ್ ಎಂದು ಕೊಟ್ಟು, ಒಳಗೆ ರಿಟರ್ನ್ 444 ಹಾಕಿ. ಉತ್ತರವೇ ಕೊಡದೆ ಸಂಪರ್ಕ ಕಡಿಯುವ ಎಂಜಿನ್‌ಎಕ್ಸ್‌ನ ಸ್ವಂತ ಸಂಖ್ಯೆ ಅದು. 443ಕ್ಕೂ ಹೀಗೇ ಮಾಡಿ, ಅಲ್ಲಿ ಎಸ್‌ಎಸ್‌ಎಲ್_ರಿಜೆಕ್ಟ್_ಹ್ಯಾಂಡ್‌ಶೇಕ್ ಆನ್ ಎಂದರೆ ಸರ್ಟಿಫಿಕೇಟೂ ಬೇಕಿಲ್ಲ. 1.19.4ರಿಂದ ಈಚಿನ ಆವೃತ್ತಿಗಳಲ್ಲಿ ಇದು ಇದೆ.

ಡೀಫಾಲ್ಟ್ ಲೆಕ್ಕ ನಡೆಯುವುದು ವಿಳಾಸ ಮತ್ತು ಪೋರ್ಟ್ ಜೋಡಿಗೆ ಒಂದರಂತೆ. ಪತ್ರಿಕೆಗೆ [::]:80 ಇದ್ದು ಮಳಿಗೆಗೆ ಬರೆಯುವುದು ಮರೆತಿದ್ದರೆ, ಐಪಿವಿ6 ಮೂಲಕ ಮಳಿಗೆಗೆ ಬಂದವರಿಗೆ ಪತ್ರಿಕೆ ಕಾಣುತ್ತದೆ. ನಿಮ್ಮ ಯಂತ್ರದಲ್ಲಿ ಎಲ್ಲವೂ ಸರಿ, ಬೇರೆಯವರ ಫೋನಿನಲ್ಲಿ ತಪ್ಪು ಎಂಬ ದೂರಿನ ಹಿಂದೆ ಇಂಥದ್ದೇ ಇರುತ್ತದೆ.

ಸರ್ಟಿಫಿಕೇಟ್

ಸರ್ಟ್‌ಬಾಟ್ ಎಂಬ ಪ್ರೋಗ್ರಾಮಿಗೆ ಎಂಜಿನ್‌ಎಕ್ಸ್ ಆಯ್ಕೆ ಕೊಟ್ಟರೆ ಉಚಿತವಾಗಿ ಸರ್ಟಿಫಿಕೇಟ್ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್‌ನಿಂದ ಎಚ್‌ಟಿಟಿಪಿಎಸ್‌ಗೆ ಬೇಕಾದ ಸರ್ಟಿಫಿಕೇಟ್ ತಂದು ಫೈಲಿಗೂ ಸೇರಿಸುತ್ತದೆ. 80ನೇ ಪೋರ್ಟ್ ಹೊರಗಿನಿಂದ ತೆರೆದಿರಬೇಕು. ಎಲ್ಲ ಸೈಟುಗಳ ಹೆಸರನ್ನೂ ಒಂದೇ ಸರ್ಟಿಫಿಕೇಟಿಗೆ ತುಂಬುವ ಆಸೆ ಬೇಡ. ಅದರಲ್ಲಿ ಒಂದು ಡೊಮೇನ್ ಕೈಬಿಟ್ಟುಹೋದರೆ ನವೀಕರಣ ಇಡಿಯಾಗಿ ಸೋಲುತ್ತದೆ, ತಪ್ಪಿಲ್ಲದ ಸೈಟುಗಳೂ ಎಚ್ಚರಿಕೆಯ ಪುಟ ತೋರಿಸತೊಡಗುತ್ತವೆ. ಸೈಟಿಗೊಂದು ಸರ್ಟಿಫಿಕೇಟ್ ಪಡೆಯಿರಿ. ರಿನ್ಯೂ ಕಮಾಂಡಿಗೆ ಡ್ರೈ-ರನ್ ಆಯ್ಕೆ ಕೊಟ್ಟು ಈಗಲೇ ಪರೀಕ್ಷಿಸಿ.

ಎಚ್‌ಟಿಟಿಪಿಯಿಂದ ಎಚ್‌ಟಿಟಿಪಿಎಸ್‌ಗೆ ಕಳಿಸುವ ರೀಡೈರೆಕ್ಟನ್ನು ಪರೀಕ್ಷೆ ಮುಗಿಯುವವರೆಗೆ 302 (ತಾತ್ಕಾಲಿಕ) ಇಡಿ. 301 (ಶಾಶ್ವತ) ಬ್ರೌಸರಿನಲ್ಲಿ ಉಳಿದುಬಿಡುತ್ತದೆ, ನೀವು ಸರಿಪಡಿಸಿದ ಮೇಲೂ ಹಳೆಯ ದಾರಿಗೇ ಹೋಗುತ್ತಿರುತ್ತದೆ. ರೀಡೈರೆಕ್ಟ್ ಸುತ್ತುತ್ತಲೇ ಇದ್ದರೆ ಆ್ಯಪ್ ತನಗೆ ಎಚ್‌ಟಿಟಿಪಿಯಲ್ಲೇ ಜನ ಬರುತ್ತಿದ್ದಾರೆ ಎಂದುಕೊಂಡಿದೆ. ಹೆಡರ್ ಕಳಿಸಿದರಷ್ಟೇ ಸಾಲದು, ಆ್ಯಪ್ ಅದನ್ನು ನಂಬುವಂತೆಯೂ ಹೇಳಬೇಕು: ಜಾಂಗೊದಲ್ಲಿ ಸೆಕ್ಯೂರ್_ಪ್ರಾಕ್ಸಿ_ಎಸ್‌ಎಸ್‌ಎಲ್_ಹೆಡರ್, ನೋಡ್‌ನ ಎಕ್ಸ್‌ಪ್ರೆಸ್‌ನಲ್ಲಿ ಟ್ರಸ್ಟ್ ಪ್ರಾಕ್ಸಿ, ಟಾಮ್‌ಕ್ಯಾಟ್‌ನಲ್ಲಿ ರಿಮೋಟ್‌ಐಪಿವಾಲ್ವ್.

ರೀಲೋಡ್, ರೀಸ್ಟಾರ್ಟ್

ಬದಲಾವಣೆ ಮಾಡಿದಾಗಲೆಲ್ಲ ಎಂಜಿನ್‌ಎಕ್ಸ್ ಕಮಾಂಡಿಗೆ -ಟಿ ಕೊಟ್ಟು ಪರೀಕ್ಷಿಸಿ, ಆಮೇಲೆ ರೀಲೋಡ್ ಮಾಡಿ. ರೀಸ್ಟಾರ್ಟ್ ಬೇಡ. ಫೈಲಿನಲ್ಲಿ ತಪ್ಪಿದ್ದರೆ ರೀಲೋಡ್ ಹಳೆಯ ಸಂರಚನೆಯಲ್ಲೇ ಓಡುತ್ತಿರುತ್ತದೆ. ರೀಸ್ಟಾರ್ಟ್ ಮೊದಲು ನಿಲ್ಲಿಸಿ ಆಮೇಲೆ ಏಳಲಾರದೆ ಎಲ್ಲ ಸೈಟುಗಳನ್ನೂ ಕೆಡವುತ್ತದೆ. ಪ್ರಾಕ್ಸಿ_ಪಾಸ್‌ನಲ್ಲಿ ಐಪಿ ಬದಲು ಹೋಸ್ಟ್ ಹೆಸರು ಬರೆದಿದ್ದರೆ ಅದನ್ನೂ ನೆನಪಿಡಿ. ಆ ಹೆಸರನ್ನು ಶುರುವಿನಲ್ಲಿ ಹುಡುಕಲಾಗುತ್ತದೆ, ಒಂದು ಹೆಸರು ಸಿಗದಿದ್ದರೂ ಎಂಜಿನ್‌ಎಕ್ಸ್ ಏಳುವುದಿಲ್ಲ.

-ಟಿ ಎಲ್ಲವನ್ನೂ ಹಿಡಿಯುತ್ತದೆ ಎಂದಲ್ಲ. ಒಂದೇ ಸರ್ವರ್_ನೇಮ್ ಎರಡು ಕಡೆ ಇದ್ದರೆ ಬರೀ ಎಚ್ಚರಿಕೆ ಕೊಟ್ಟು ಎರಡನೆಯದನ್ನು ಬಿಟ್ಟುಬಿಡುತ್ತದೆ. ಡೆಬಿಯನ್‌ನಲ್ಲಿ ಸೈಟ್ಸ್-ಎನೇಬಲ್ಡ್ ಒಳಗಿನ ಎಲ್ಲ ಫೈಲನ್ನೂ ಓದುವ ಕ್ರಮವಿರುವುದರಿಂದ, ಅಲ್ಲೇ ಮಾಡಿಟ್ಟ ಬ್ಯಾಕಪ್ ಪ್ರತಿಯೂ ಜೀವಂತ ಸಂರಚನೆಯೇ ಆಗುತ್ತದೆ. ಬ್ಯಾಕಪ್ ಬೇರೆ ಕಡೆ ಇಡಿ.

ಡಿಎನ್‌ಎಸ್ ಬದಲಾಗುವ ಮೊದಲೇ ಹೊಸ ಸೈಟ್ ಪರೀಕ್ಷಿಸಲು ಕರ್ಲ್ ಕಮಾಂಡಿನ ರಿಸಾಲ್ವ್ ಆಯ್ಕೆಗೆ ಹೆಸರು, ಪೋರ್ಟ್, ಐಪಿ ಕೊಡಿ. ಎಸ್‌ಎನ್‌ಐ ಕೂಡ ಸರಿಯಾಗಿ ಹೋಗುತ್ತದೆ. ಹೋಸ್ಟ್ ಹೆಡರ್ ಮಾತ್ರ ಬದಲಿಸಿ ಕಳಿಸಿದರೆ ಎಚ್‌ಟಿಟಿಪಿಎಸ್ ಪರೀಕ್ಷೆ ಆಗುವುದಿಲ್ಲ.

ದೋಷಸಂಖ್ಯೆ ಓದುವುದು

ಹಿಂದಿನ ಆ್ಯಪ್‌ನಿಂದ ಸರಿಯಾದ ಉತ್ತರ ಸಿಗಲಿಲ್ಲ ಎನ್ನುವ 502 ಬಂದರೆ ಎರರ್ ಲಾಗ್‌ನಲ್ಲಿ ಆವರಣದೊಳಗಿನ ಸಂಖ್ಯೆ ನೋಡಿ. 111 ಎಂದರೆ ಆ ಪೋರ್ಟಿನಲ್ಲಿ ಯಾರೂ ಇಲ್ಲ: ಆ್ಯಪ್ ಬಿದ್ದಿದೆ, ಪೋರ್ಟ್ ತಪ್ಪಿದೆ, ಅಥವಾ ಲೋಕಲ್‌ಹೋಸ್ಟ್ ಎಂದು ಬರೆದದ್ದು ಐಪಿವಿ6 ವಿಳಾಸಕ್ಕೆ ಹೋಗಿದೆ. 13 ಎಂದರೆ ಅನುಮತಿ ಇಲ್ಲ. ಯುನಿಕ್ಸ್ ಸಾಕೆಟ್ ಬಳಸುತ್ತಿದ್ದರೆ ಆ ಫೈಲಿನ ಗ್ರೂಪ್ ನೋಡಿ. ಟಿಸಿಪಿ ಆಗಿದ್ದು ರೆಡ್‌ಹ್ಯಾಟ್ ಕುಟುಂಬವಾದರೆ ತಡೆದದ್ದು ಎಸ್‌ಇಲಿನಕ್ಸ್ ಎಂಬ ಭದ್ರತಾ ಪದರ, ಎಚ್‌ಟಿಟಿಪಿಡಿ_ಕ್ಯಾನ್_ನೆಟ್‌ವರ್ಕ್_ಕನೆಕ್ಟ್ ಎಂಬ ಬೂಲಿಯನ್ ಆನ್ ಮಾಡಿ. ಎಸ್‌ಇಲಿನಕ್ಸನ್ನೇ ಆಫ್ ಮಾಡಬೇಡಿ.

504 ಎಂದರೆ ಆ್ಯಪ್ 60 ಸೆಕೆಂಡಿನಲ್ಲಿ ಉತ್ತರ ಕೊಡಲಿಲ್ಲ. ಆದರೆ ಗುನಿಕಾರ್ನ್ ತಾನೇ 30 ಸೆಕೆಂಡಿಗೆ ಸಾಮಾನ್ಯ ವರ್ಕರ್ ಅನ್ನು ಕೊಲ್ಲುವುದರಿಂದ, ನಿಧಾನದ ಪುಟ ಅಲ್ಲಿ 502 ಆಗಿಯೇ ಕಾಣುತ್ತದೆ. ಎಂಜಿನ್‌ಎಕ್ಸ್‌ನ ಮಿತಿ ಏರಿಸಿ ಉಪಯೋಗವಿಲ್ಲ. ದೀರ್ಘ ಕೆಲಸವನ್ನು ಹಿನ್ನೆಲೆಯ ಕ್ಯೂಗೆ ಸರಿಸುವುದೇ ಮದ್ದು. 413 ಬಂದರೆ ಕಳಿಸಿದ್ದು ಮಿತಿಗಿಂತ ದೊಡ್ಡದು: ಕ್ಲೈಂಟ್_ಮ್ಯಾಕ್ಸ್_ಬಾಡಿ_ಸೈಜ್‌ನಲ್ಲಿ ಕೊಟ್ಟದ್ದು ಸಾಲದು, ಅಥವಾ ಆ ಸಾಲೇ ಇಲ್ಲ. ಡೀಫಾಲ್ಟ್ ಬರೀ 1 ಎಂಬಿ. ಸ್ಟ್ಯಾಟಿಕ್ ಫೈಲಿಗೆ 403 ಬಂದರೆ ಫೋಲ್ಡರ್ ಹೋಮ್ ಒಳಗಿದೆಯೇ ನೋಡಿ. ಎಂಜಿನ್‌ಎಕ್ಸ್ ಯೂಸರ್‌ಗೆ ದಾರಿಯ ಪ್ರತಿ ಫೋಲ್ಡರ್ ದಾಟುವ ಹಕ್ಕು ಬೇಕು. ಸೈಟುಗಳನ್ನು /ಎಸ್‌ಆರ್‌ವಿ ಅಡಿಯಲ್ಲಿಟ್ಟರೆ ಈ ಗೊಂದಲವೇ ಇರದು.

ಸೈಟ್ ತೆಗೆಯುವಾಗ ಕ್ರಮ ಮುಖ್ಯ. ಮೊದಲು ಡಿಎನ್‌ಎಸ್ ರೆಕಾರ್ಡ್, ಆಮೇಲೆ ಸೈಟ್ಸ್-ಎನೇಬಲ್ಡ್ ಲಿಂಕ್ ತೆಗೆದು ರೀಲೋಡ್, ನಂತರ ಸರ್ವಿಸ್ ನಿಲ್ಲಿಸಿ ಡಿಸೇಬಲ್, ಕೊನೆಗೆ ಸರ್ಟ್‌ಬಾಟ್‌ನ ಡಿಲೀಟ್. ಸರ್ಟಿಫಿಕೇಟ್ ಮೊದಲೇ ಅಳಿಸಿದರೆ ಇಲ್ಲದ ಫೈಲನ್ನು ಹುಡುಕುವ ಸಂರಚನೆ ಉಳಿದುಕೊಂಡು, ಯಂತ್ರ ಮುಂದೆ ಯಾವಾಗಲೋ ರೀಬೂಟ್ ಆದಾಗ ಎಂಜಿನ್‌ಎಕ್ಸ್ ಏಳದೆ ಉಳಿದ ಸೈಟುಗಳೆಲ್ಲ ನಿಲ್ಲುತ್ತವೆ.