ನೋವಿನ ಪ್ಯಾಚ್ ಅಂಟಿಸುವವರಿಗೆ

ಅಮ್ಮನ ಕ್ಯಾನ್ಸರ್ ನೋವಿಗೆ ವೈದ್ಯರು ಫೆಂಟನಿಲ್ ಎಂಬ ಪ್ರಬಲ ನೋವುನಿವಾರಕದ ಪ್ಯಾಚ್ ಬರೆದುಕೊಟ್ಟಾಗ, ಕೊಬ್ಬರಿ ಎಣ್ಣೆ ಸವರಿದ್ದ ಬೆನ್ನಿಗೇ ಅಂಟಿಸಿಬಿಟ್ಟಿದ್ದೆ. ಸಂಜೆಯೊಳಗೆ ಅದು ಸೆರಗಿಗೆ ಅಂಟಿಕೊಂಡಿತ್ತು! ಎಣ್ಣೆ, ಪೌಡರ್, ಸೋಪು ಯಾವುದೂ ಬೇಡ. ಬರೀ ನೀರಿನಲ್ಲಿ ತೊಳೆದು, ಪೂರ್ತಿ ಒಣಗಿದ ಮೇಲೆ ಅಂಟಿಸಿ ಅಂಗೈಯಿಂದ 30 ಸೆಕೆಂಡು ಒತ್ತಿ ಹಿಡಿಯಿರಿ. ಕೂದಲಿದ್ದರೆ ಕತ್ತರಿಯೇ ಸಾಕು, ರೇಜರ್ ಬೇಡ. ಗೀರು ಬಿದ್ದ ಚರ್ಮ ಔಷಧವನ್ನು ಹೆಚ್ಚು ಹೀರುತ್ತದೆ. ಬಿಸಿನೀರಿನ ಚೀಲವನ್ನಂತೂ ಹತ್ತಿರವೂ ತರಬೇಡಿ: ಶಾಖಕ್ಕೆ ಔಷಧ ಬೇಗಬೇಗ ರಕ್ತಕ್ಕೆ ಸೇರಿ ಉಸಿರಾಟವೇ ಕುಗ್ಗಬಹುದು. ಜ್ವರ ಏರಿದರೂ ಇದೇ ಅಪಾಯ, ತಕ್ಷಣ ವೈದ್ಯರಿಗೆ ತಿಳಿಸಿ. ಸಾಮಾನ್ಯವಾಗಿ 72 ಗಂಟೆಗೊಮ್ಮೆ ಹಳೆಯದನ್ನು ತೆಗೆದು, ಹೊಸದನ್ನು ಬೇರೆ ಜಾಗಕ್ಕೆ ಹಾಕಬೇಕು. ತೆಗೆದದ್ದರಲ್ಲೂ ಔಷಧ ಉಳಿದಿರುತ್ತದೆ. ಅಂಟು ಒಳಗಾಗುವಂತೆ ಮಡಚಿ, ಮಕ್ಕಳ ಕೈಗೆ ಸಿಗದಂತೆ ನೋಡಿಕೊಳ್ಳಿ.