ಚಮಕಿ ಹಾಕಿದ ಹಿಕ್ಕೆ

ಮೃಗಾಲಯದಲ್ಲಿ ಸಂಶೋಧನೆ ಮಾಡುತ್ತೇನೆ ಅಂದ ಕೂಡಲೇ ಜನ ಕೇಳುವುದು ಒಂದೇ: "ಹುಲಿಮರಿ ಎತ್ಕೊಂಡಿದ್ದೀರಾ?" ಇಲ್ಲ. ನಾನು ಎತ್ತಿಕೊಂಡಿದ್ದು ಹಿಕ್ಕೆ. ಚಿರತೆಯದು. ಸುಮಾರು ಎರಡು ವರ್ಷ, ಬೆಳಗ್ಗೆ ಆರೂವರೆಗೆ, ಕೈಗೆ ಗ್ಲೌಸ್ ಹಾಕಿಕೊಂಡು ಇದೇ ಕೆಲಸ.

ನನಗಿದ್ದ ಪ್ರಶ್ನೆ ಮಾತ್ರ ಮೃಗಾಲಯದ್ದಲ್ಲ, ಕಾಡಿನದು. ಸಫಾರಿ ವಾಹನ ಜಾಸ್ತಿ ಓಡಾಡುವ ಕಡೆ ಚಿರತೆಗಳಿಗೆ ಒತ್ತಡ ಆಗುತ್ತದಾ? ಹಿಡಿದು ರಕ್ತ ತೆಗೆದು ನೋಡೋಣ ಅಂದರೆ, ಹಿಡಿಯುವುದೇ ಅದಕ್ಕೆ ಎಲ್ಲಕ್ಕಿಂತ ದೊಡ್ಡ ಒತ್ತಡ. ಅದಕ್ಕೇ ಹಿಕ್ಕೆ. ಪ್ರಾಣಿ ಗಾಬರಿಯಾದಾಗ ರಕ್ತದಲ್ಲಿ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನು ಏರುತ್ತದೆ. ಪಿತ್ತಜನಕಾಂಗ ಅದನ್ನು ಒಡೆದು ಕರುಳಿಗೆ ಕಳಿಸುತ್ತದೆ. ಮಾರನೇ ದಿನವೋ ಅದರ ಮಾರನೇ ದಿನವೋ ಅದರ ಗುರುತು ಹಿಕ್ಕೆಯಲ್ಲಿ ಬರುತ್ತದೆ. ಪ್ರಾಣಿಯನ್ನು ಮುಟ್ಟುವುದೇ ಬೇಡ.

ಕೇಳೋಕೆ ಸುಲಭ. ಆದರೆ ಕಾಡಿನಲ್ಲಿ ಸಿಗುವ ಹಿಕ್ಕೆ ಯಾರದ್ದು, ಯಾವಾಗಿನದು, ಹಾಕಿದ ಪ್ರಾಣಿಗೆ ಹಿಂದಿನ ದಿನ ಏನಾಗಿತ್ತು, ಒಂದೂ ಗೊತ್ತಿರುವುದಿಲ್ಲ. ಲೆಕ್ಕ ಮಾಡುವ ವಿಧಾನ ಸರಿಯಿದೆಯಾ ಅಂತ ನೋಡಬೇಕಾದರೆ ಮೊದಲು ಉತ್ತರ ಗೊತ್ತಿರುವ ಲೆಕ್ಕ ಬೇಕು, ಅಲ್ವಾ? ನನಗೆ ಅದು ಸಿಕ್ಕಿದ್ದು ಮೃಗಾಲಯದಲ್ಲಿ.

ಅಲ್ಲಿ ಒಂದೇ ಆವರಣದಲ್ಲಿ ಎರಡು ಹೆಣ್ಣು ಚಿರತೆ ಇದ್ದವು. ಅಕ್ಕ ತಂಗಿ, ಮರಿಯಿಂದ ಒಟ್ಟಿಗೇ ಬೆಳೆದವು. ಬೆಳಗ್ಗೆ ಹೋದರೆ ಮೂರು ಕಡೆ ಹಿಕ್ಕೆ ಬಿದ್ದಿರುತ್ತಿತ್ತು. ಯಾವುದು ಯಾರದ್ದು? ಇದಕ್ಕೆ ಮೃಗಾಲಯಗಳಲ್ಲಿ ಹಳೆಯ ಉಪಾಯವೊಂದಿದೆ: ಚಮಕಿ. ವಿಷವಿಲ್ಲದ್ದು ಅಂತ ಪಶುವೈದ್ಯರು ಒಪ್ಪಿದ ಮೇಲೆ, ಒಂದು ಚಿಟಿಕೆ ಪುಡಿಯನ್ನು ಕೊಚ್ಚಿದ ಮಾಂಸದ ಉಂಡೆಯೊಳಗೆ ಇಟ್ಟು ಕೊಡುವುದು. ಅಕ್ಕನಿಗೆ ಹಸಿರು, ತಂಗಿಗೆ ಕೆಂಪು. ಕೆಂಪು ನನ್ನ ದಡ್ಡತನ. ಕಪ್ಪಗಿನ ಹಿಕ್ಕೆಯಲ್ಲಿ, ಕೂದಲಿನ ಮಧ್ಯೆ ಕೆಂಪು ಕಾಣಿಸಲೇ ಇಲ್ಲ. ಬೆಳ್ಳಿ ಬಣ್ಣಕ್ಕೆ ಬದಲಾಯಿಸಿದೆ. ಅದಾದ ಮೂರನೇ ದಿನ ಒಂದೇ ಹಿಕ್ಕೆಯಲ್ಲಿ ಹಸಿರೂ ಬೆಳ್ಳಿಯೂ ಹೊಳೆಯಿತು. ಅಕ್ಕ ತಂಗಿಯ ಉಂಡೆಯನ್ನೂ ನುಂಗಿದ್ದಳು. ಆಮೇಲಿಂದ ರಾತ್ರಿ ಕೋಣೆಗೆ ಬಿಟ್ಟು, ಬೇರೆ ಬೇರೆ ತಿನ್ನಿಸಿ, ನುಂಗಿದ್ದನ್ನು ಕಣ್ಣಾರೆ ನೋಡಿ ಬರೆದುಕೊಳ್ಳತೊಡಗಿದೆ.

ಆ ಹೊತ್ತಿಗೆ ಆವರಣದ ಬೇಲಿ ರಿಪೇರಿಗೆ ಬಂತು. ಅಕ್ಕನನ್ನು ಕೆಲವು ವಾರ ಬೇರೆ ಆವರಣಕ್ಕೆ ಸಾಗಿಸಬೇಕಿತ್ತು. ನನ್ನ ಅಧ್ಯಯನಕ್ಕೋಸ್ಕರ ಯಾರೂ ಅದನ್ನು ಕದಲಿಸಲಿಲ್ಲ. ಹೇಗೂ ಆಗಲೇಬೇಕಿದ್ದ ಕೆಲಸ, ನಾನು ಅದರ ಜೊತೆ ಸೇರಿಕೊಂಡೆ ಅಷ್ಟೆ. ಸಾಗಿಸುವ ಮುಂಚೆ ಒಂಬತ್ತು ದಿನ, ಆದ ಮೇಲೆ ಹತ್ತು ದಿನ ಹಿಕ್ಕೆ ಕೂಡಿಟ್ಟೆ. ಒಣಗಿಸಿ, ಪುಡಿ ಮಾಡಿ, ಕೂದಲು ಜರಡಿ ಹಿಡಿದು, ಆಲ್ಕೋಹಾಲಿನಲ್ಲಿ ಹಾರ್ಮೋನು ಇಳಿಸಿ ಪರೀಕ್ಷೆ ಮಾಡಿದೆ. ಗ್ರಾಫಿನ ಗೆರೆ ಎಲ್ಲೂ ಏಳಲಿಲ್ಲ. ಮಲಗಿದ ಹಾವಿನ ಥರ ನೇರವಾಗಿತ್ತು. ನೋಟ್‌ಬುಕ್ಕಿನಲ್ಲಿ 'ಸ್ಥಳಾಂತರದಿಂದ ಒತ್ತಡ ಇಲ್ಲ' ಅಂತ ಬರೆದೂಬಿಟ್ಟೆ.

ಅದನ್ನು ಅವಳ ಪ್ರಾಣಿಪಾಲಕರಿಗೆ ಹೇಳಿದೆ. ಇಪ್ಪತ್ತು ವರ್ಷದಿಂದ ಚಿರತೆ, ಹುಲಿ ನೋಡಿಕೊಂಡವರು. ನಾವೆಲ್ಲ ಅವರನ್ನು ಅಣ್ಣ ಅಂತಲೇ ಕರೆಯುತ್ತಿದ್ದೆವು.

"ಒತ್ತಡ ಇಲ್ವಾ? ಯಾರು ಹೇಳಿದ್ದು ಮೇಡಂ?"

"ಯಂತ್ರ ಹೇಳ್ತಿದೆ ಅಣ್ಣ."

"ಹಂಗಾದ್ರೆ ಯಂತ್ರನೇ ಬಂದು ನೋಡ್ಲಿ. ಬಂದ ದಿನ ಮಾಂಸ ಮೂಸಿ ಬಿಟ್ಟಳು. ಬಾಗಿಲ ಹತ್ರ ಓಡಾಡಿ ಓಡಾಡಿ ನೆಲ ಸವೆದಿದೆ ನೋಡಿ."

ಹೋಗಿ ನೋಡಿದೆ. ಬೇಲಿ ಪಕ್ಕ ಹುಲ್ಲು ಮಲಗಿ ಒಂದು ಅಡಿ ಅಗಲದ ದಾರಿ ಬಿದ್ದಿತ್ತು. ಗೇಟಿನಿಂದ ಮೂಲೆಗೆ, ಮೂಲೆಯಿಂದ ಗೇಟಿಗೆ. ತಿರುಗುವ ಜಾಗದಲ್ಲಿ ಮಣ್ಣು ನುಣ್ಣಗಾಗಿತ್ತು.

ತಪ್ಪು ಎಲ್ಲಿತ್ತು ಅಂತ ತಿಳಿಯಲು ಒಂದು ತಿಂಗಳು ಬೇಕಾಯಿತು. ಬೆಕ್ಕಿನ ಜಾತಿಯ ಪ್ರಾಣಿಗಳು ಕಾರ್ಟಿಸಾಲನ್ನು ಎಷ್ಟು ಚೆನ್ನಾಗಿ ಒಡೆಯುತ್ತವೆ ಅಂದರೆ, ಹಿಕ್ಕೆಗೆ ಬರುವ ಹೊತ್ತಿಗೆ ಕಾರ್ಟಿಸಾಲ್ ಕಾರ್ಟಿಸಾಲ್ ಆಗಿ ಹೆಚ್ಚುಕಡಿಮೆ ಉಳಿದೇ ಇರುವುದಿಲ್ಲ. ಚೂರುಗಳು ಮಾತ್ರ ಇರುತ್ತವೆ. ನಾನು ಬಳಸಿದ ಪರೀಕ್ಷಾ ಕಿಟ್ ಇಡೀ ಕಾರ್ಟಿಸಾಲನ್ನು ಗುರುತು ಹಿಡಿಯುವಂಥದ್ದು. ಗಡಿಗೆ ಹುಡುಕಲು ಹೋದವನು ಓಡಿನ ಚೂರು ಕಂಡೂ 'ಇಲ್ಲಿ ಗಡಿಗೆ ಇರಲೇ ಇಲ್ಲ' ಅಂದ ಹಾಗಾಗಿತ್ತು. ಚೂರುಗಳನ್ನು ಹಿಡಿಯುವ ಬೇರೆ ಆ್ಯಂಟಿಬಾಡಿ (ಪರೀಕ್ಷೆಯಲ್ಲಿ ಹಾರ್ಮೋನಿಗೆ ಅಂಟಿಕೊಂಡು ಗುರುತು ಹಿಡಿಯುವ ಪ್ರೋಟೀನು) ತರಿಸಿ, ಫ್ರೀಜರಿನಲ್ಲಿ ಉಳಿದಿದ್ದ ಅದೇ ಪುಡಿಗಳನ್ನು ಮತ್ತೆ ಪರೀಕ್ಷೆಗೆ ಹಾಕಿದೆ. ಸಾಗಿಸಿದ ಮಾರನೇ ದಿನ ಗೆರೆ ಧಡಕ್ಕನೆ ಎದ್ದಿತ್ತು. ಇಳಿಯಲು ಐದು ದಿನ. ಅಣ್ಣನಿಗೆ ತೋರಿಸಿದೆ. "ಅದನ್ನೇ ಅಲ್ವಾ ನಾನು ಹೇಳಿದ್ದು" ಅಂತ ಬಕೆಟ್ ಎತ್ತಿಕೊಂಡು ಹೋದರು.

ಮೊದಲ ಕಿಟ್ ಹಿಡಿದುಕೊಂಡು ನೇರ ಕಾಡಿಗೆ ಹೋಗಿದ್ದರೆ? 'ಸಫಾರಿಯಿಂದ ಚಿರತೆಗೆ ಏನೂ ತೊಂದರೆ ಇಲ್ಲ' ಅಂತ ಅಂಕಿಅಂಶ ಸಮೇತ ಬರೆಯುತ್ತಿದ್ದೆ. ಅದನ್ನು ನಂಬಿ ಯಾರೋ ಇನ್ನಷ್ಟು ವಾಹನ ಬಿಡುತ್ತಿದ್ದರು. ಈಗಲೂ ನೆನೆಸಿಕೊಂಡರೆ ಎದೆ ಝಲ್ಲೆನ್ನುತ್ತದೆ.

ಮೃಗಾಲಯದಲ್ಲಿ ಕಲಿತದ್ದು ಕಾಡಿನ ಕೆಲಸಕ್ಕೆ ಬಂದದ್ದು ನನಗೊಬ್ಬಳಿಗೇ ಅಲ್ಲ. 1984ರಲ್ಲಿ ಕೇಟಿ ಪೇನ್ ಎಂಬ ಸಂಶೋಧಕಿ ಅಮೆರಿಕದ ಪೋರ್ಟ್‌ಲೆಂಡ್ ಮೃಗಾಲಯದಲ್ಲಿ ಆನೆಗಳ ಹತ್ತಿರ ಕಾಲ ಕಳೆದಾಗ ಗಾಳಿಯಲ್ಲಿ ಒಂಥರಾ ಅದುರು ಅನುಭವಕ್ಕೆ ಬಂತು. ಕಿವಿಗೆ ಏನೂ ಕೇಳಿಸುತ್ತಿರಲಿಲ್ಲ. ಧ್ವನಿಮುದ್ರಣ ಮಾಡಿ ನೋಡಿದಾಗ, ಮನುಷ್ಯರಿಗೆ ಕೇಳದಷ್ಟು ತಗ್ಗಿನ ದನಿಯಲ್ಲಿ ಆನೆಗಳು ಮಾತಾಡುವುದು ಗೊತ್ತಾಯಿತು. ಇವತ್ತು ಮಧ್ಯ ಆಫ್ರಿಕಾದ ದಟ್ಟ ಕಾಡಿನಲ್ಲಿ, ಕಣ್ಣಿಗೆ ಬೀಳದ ಕಾಡಾನೆಗಳ ಜಾಡು ಹಿಡಿಯಲು ಮರಗಳಿಗೆ ರೆಕಾರ್ಡರ್ ಕಟ್ಟುತ್ತಾರೆ. ಕಪ್ಪೆಗಳ ಕಥೆಯೂ ಇದೇ. ಆಸ್ಟ್ರೇಲಿಯಾದಲ್ಲಿ, ಮಧ್ಯ ಅಮೆರಿಕದಲ್ಲಿ ಕಪ್ಪೆಗಳು ರಾಶಿ ರಾಶಿ ಸಾಯುತ್ತಿದ್ದವು. ಕಾರಣವಾದ ಚರ್ಮದ ಶಿಲೀಂಧ್ರಕ್ಕೆ 1999ರಲ್ಲಿ ಹೆಸರು, ವಿವರಣೆ ಸಿಕ್ಕಿದ್ದು ವಾಷಿಂಗ್ಟನ್ನಿನ ಮೃಗಾಲಯದಲ್ಲಿ ಸತ್ತ ಒಂದು ನೀಲಿ ವಿಷಕಪ್ಪೆಯಿಂದ. ಕಾಡಿನಲ್ಲಿ ಸತ್ತ ಕಪ್ಪೆ ಬೇಗ ಕೊಳೆತುಹೋಗುತ್ತದೆ, ಇಲ್ಲವೇ ಯಾರದೋ ಊಟವಾಗುತ್ತದೆ. ಮೃಗಾಲಯದಲ್ಲಿ ಅದೇ ದಿನ ಮೇಜಿನ ಮೇಲಿರುತ್ತದೆ.

ನನ್ನ ಮುಂದಿನ ಕೆಲಸ ಹಿಕ್ಕೆಯನ್ನು ಹಳಸಲು ಬಿಡುವುದು. ಹಾಕಿದ ಗಳಿಗೆ ಗೊತ್ತಿರುವ ಹಿಕ್ಕೆಯನ್ನು ಚೆನ್ನಾಗಿ ಕಲಸಿ ಪಾಲು ಮಾಡಿ, ಒಂದನ್ನು ಬಿಸಿಲಿಗೆ, ಒಂದನ್ನು ನೆರಳಿಗೆ, ಒಂದನ್ನು ನೀರು ಚಿಮುಕಿಸಿ ಇಟ್ಟೆ. ಆರು ತಾಸು, ಹನ್ನೆರಡು, ಇಪ್ಪತ್ನಾಲ್ಕು, ನಲವತ್ತೆಂಟು. ಒದ್ದೆಯಾದದ್ದು ಎಲ್ಲಕ್ಕಿಂತ ಮೊದಲು ಕೆಟ್ಟಿತು. ಬ್ಯಾಕ್ಟೀರಿಯಾ ಒಳಗೆ ಕೂತು ಹಾರ್ಮೋನಿನ ಚೂರುಗಳನ್ನು ಮತ್ತೆ ಬದಲಾಯಿಸುತ್ತವೆ. ಅಂಕಿ ಇಳಿದೇ ಇಳಿಯುತ್ತದೆ ಅಂತಲೂ ಇಲ್ಲ, ಕೆಲವು ಸಲ ಏರಿತು. ಅಲ್ಲಿಂದ ಕಾಡಿನಲ್ಲಿ ಒಂದು ನಿಯಮ ಮಾಡಿಕೊಂಡೆವು. ಸಂಜೆ ಹೋಗಿ ದಾರಿಯಲ್ಲಿದ್ದ ಹಳೇ ಹಿಕ್ಕೆಯನ್ನೆಲ್ಲ ತೆಗೆದು ಬರುವುದು. ಬೆಳಗ್ಗೆ ಅದೇ ದಾರಿಯಲ್ಲಿ ಹೊಸದಾಗಿ ಬಿದ್ದದ್ದು ಮಾತ್ರ ಲೆಕ್ಕಕ್ಕೆ. ರಾತ್ರಿ ಮಳೆ ಬಂದರೆ ಏನೂ ಬೇಡ, ವಾಪಸ್.

ಒಂದು ಶನಿವಾರ ಕರೆಂಟು ಹೋಗಿ ಫ್ರೀಜರ್ ನಿಂತು ನಲವತ್ತು ಮಾದರಿ ಕೊಳೆತವು. ಸೋಮವಾರ ಬಾಗಿಲು ತೆಗೆದ ಕ್ಷಣವನ್ನು ವಿವರಿಸುವುದು ಬೇಡ. ಅವತ್ತಿನಿಂದ ತಂದ ದಿನವೇ ಒಣಗಿಸುತ್ತೇನೆ.

ಮೃಗಾಲಯದ ಪ್ರಾಣಿ ಕಾಡುಪ್ರಾಣಿಯೇ ಅಲ್ಲ, ಅಲ್ಲಿ ಕಲಿತದ್ದು ಕಾಡಿಗೆ ಏಕೆ ಬೇಕು ಅಂತ ವಾದಿಸುವವರಿದ್ದಾರೆ. ಅರ್ಧ ನಿಜ. ಹೊತ್ತಿಗೆ ಸರಿಯಾಗಿ ಉಣ್ಣುವ, ಬೇಟೆಯಾಡದ ಚಿರತೆಯ ಹಾರ್ಮೋನಿನ ಅಂಕಿಯನ್ನು ಕಾಡಿನ ಚಿರತೆಯ ಪಕ್ಕ ಇಟ್ಟು ಹೋಲಿಸಿದರೆ ಅದು ಮೋಸ. ನಾನು ಕಾಡಿಗೆ ಒಯ್ದದ್ದು ವಿಧಾನವನ್ನು, ಅಂಕಿಯನ್ನಲ್ಲ. ಇನ್ನೊಂದು ಮಾತನ್ನೂ ಒಪ್ಪುತ್ತೇನೆ. ಎಷ್ಟೋ ಕಡೆ ಸಂಶೋಧನೆ ಅನ್ನುವುದು ಬೋರ್ಡಿನ ಮೇಲೆ ಮಾತ್ರ ಇದೆ. ಯಾವ ಪ್ರಾಣಿ ಯಾವತ್ತು ಎಷ್ಟು ತಿಂದಿತು, ಯಾವತ್ತು ಬೆದೆಗೆ ಬಂತು ಅಂತ ಪಾಲಕರು ದಿನಾ ಬರೆದಿಟ್ಟ ಪುಸ್ತಕಗಳು ಬೀರುವಿನಲ್ಲಿ ಗೆದ್ದಲಿಗೆ ಆಹಾರವಾಗುತ್ತವೆ. ಅಣ್ಣನ ಆರು ವರ್ಷದ ಪುಸ್ತಕಗಳನ್ನು ನಾನು ಕೂತು ಟೈಪ್ ಮಾಡಿದೆ. ಅವುಗಳಿಲ್ಲದೆ ನನ್ನ ಅರ್ಧ ಗ್ರಾಫಿಗೆ ಅರ್ಥವೇ ಇರಲಿಲ್ಲ. ಆದರೂ ಪ್ರಬಂಧ ಅಚ್ಚಾದಾಗ ಅವರ ಹೆಸರು ಕೊನೆಯ ಕೃತಜ್ಞತೆಯ ಸಾಲಿನಲ್ಲಿತ್ತು. ಲೇಖಕರ ಸಾಲಿನಲ್ಲಿ ಇರಬೇಕಿತ್ತು. ಹಾಗೆ ಹೇಳುವಷ್ಟು ಧೈರ್ಯ ಆಗ ನನಗಿರಲಿಲ್ಲ.

ಕಾಡಿನಲ್ಲಿ ಮೊದಲ ಬೆಳಗ್ಗೆ ಎರಡು ಗಂಟೆ ನಡೆದ ಮೇಲೆ ಒಂದು ಹಿಕ್ಕೆ ಸಿಕ್ಕಿತು. ಹೊಸದು, ಇನ್ನೂ ನೊಣ ಮುತ್ತಿರಲಿಲ್ಲ. ಕೂತು ಕಡ್ಡಿಯಿಂದ ಕೆದಕಿದೆ. ಜಿಂಕೆ ಕೂದಲು, ಒಂದು ಗೊರಸಿನ ತುಂಡು. ಮತ್ತೆ ಕೆದಕಿದೆ. ಜೊತೆಯಲ್ಲಿದ್ದ ಹುಡುಗ "ಏನ್ ಹುಡುಕ್ತಿದೀರಾ ಮೇಡಂ?" ಅಂದ. ಆಗ ಗೊತ್ತಾಯಿತು, ನಾನು ಚಮಕಿ ಹುಡುಕುತ್ತಿದ್ದೆ.